ಡೇಟ್ಸ್ ಇಲ್ಲ

ನನ್ನ ಗಂಡ ತೀರಿಕೊಂಡ ಹತ್ತೊಂಬತ್ತನೆಯ ದಿನ, ಅವರ ಫೋನಿಗೆ ಸೀರಿಯಲ್ಲುಗಳಿಗೆ ನಟರನ್ನು ಒದಗಿಸುವ ಏಜೆಂಟ್ ಕರೆ ಮಾಡಿದ; ನಾನು ಎತ್ತಿದೆ. ಯಾವ ದಿನ ಕರೆದರೂ ಬರುತ್ತೇನೆಂದು ನಾಲ್ಕು ವರ್ಷ ಇವನಿಗೇ ಹೇಳುತ್ತಿದ್ದರು. ಸಿಕ್ಕಿದ್ದೆಲ್ಲ ಮಾತಿಲ್ಲದ ಪಾತ್ರಗಳು.

"ಏನಮ್ಮ, ಎಲ್ಲವ್ನೆ ನಿನ್ ಗಂಡ? ನಾಳೆ ಪೋಸ್ಟ್‌ಮ್ಯಾನ್ ಪಾರ್ಟ್ ಐತೆ, ಕಳ್ಸು."

ಸುದ್ದಿ ಹೇಳಲು ಬಾಯಿ ತೆರೆದೆ.

"ಅವರಿಗೆ ಡೇಟ್ಸ್ ಇಲ್ಲ."

"ಡೇಟ್ಸಾ? ಸ್ಟಾರ್‌ಗಳಂಗೆ ಅವ್ನಿಗಾ?" ಏಜೆಂಟ್ ಜೋರಾಗಿ ನಕ್ಕ. "ಆಯ್ತು, ಮುಂದಿನ್ ವಾರ ಲಾಯರ್ ಪಾರ್ಟ್ ಕೊಡ್ತೀನಿ. ಎರಡು ಪೇಜ್ ಡೈಲಾಗು."

"ಮುಂದಿನ ವಾರಾನೂ ಇಲ್ಲ."

ನಗು ನಿಂತಿತು.

"ಬೇರೆ ಏಜೆಂಟ್ ಹಿಡಿದ್ರಾ? ಮೇಡಂ, ಒಂದ್ನಿಮಿಷ ಕೇಳಿ. ಹೊಸ ಸೀರಿಯಲ್ಲು, ಹೀರೋ ಅಣ್ಣನ ಪಾತ್ರ, ನೂರು ಎಪಿಸೋಡು. ಸಾರ್‌ಗೆ ಹೇಳ್ತೀರಾ?"



"ಅಣ್ಣನ ಪಾತ್ರ ಮಾಡಲ್ಲ. ಹೀರೋ ಪಾತ್ರ ಇದ್ರೆ ಹೇಳಿ."