ಕೋರೆಹಲ್ಲಿನ ಪ್ರಶ್ನೆ

"ಇನ್ನೊಂದ್ಸಲ ಹೇಳು. ಆರನೇ ವರ್ಷಕ್ಕೆ ಬರೋ ದವಡೆಹಲ್ಲು ಹಾಲುಹಲ್ಲೋ, ಶಾಶ್ವತ ಹಲ್ಲೋ?"

ಹಲ್ಲಿನ ಡಾಕ್ಟರು ಈ ಪ್ರಶ್ನೆಯನ್ನು ಮಗಳಿಗೆ ಆಗಲೇ ಒಮ್ಮೆ ಕೇಳಿದ್ದರು. ಆಗ ಅವಳು ಸರಿಯಾಗಿಯೇ ಹೇಳಿದ್ದಳು. ಈಗ ಎಂಜಲು ನುಂಗಿ, ಮೇಜಿನ ಮೇಲೆ ಹರಡಿದ್ದ, ರೋಗಿಗಳ ಹಲ್ಲಿನ ಪ್ಲಾಸ್ಟರ್ ಅಚ್ಚುಗಳತ್ತ ನೋಡುತ್ತ, "ಹಾಲುಹಲ್ಲು" ಎಂದಳು.

ಶುದ್ಧ ತಪ್ಪು. ಹಾಲುಹಲ್ಲು ತಾನೇ, ಬಿದ್ದರೆ ಇನ್ನೊಂದು ಬರುತ್ತದೆ ಎಂದು ಅಪ್ಪ ಅಮ್ಮಂದಿರು ಅಸಡ್ಡೆ ಮಾಡಿ, ಮಕ್ಕಳ ಆ ಹಲ್ಲು ಹುಳುಕು ಹಿಡಿದು ಹಾಳಾಗುವುದು ಮನೆಮನೆಯ ಕತೆ. ಹೊರಗಿನವರು ತಪ್ಪಬಹುದು. ಹಲ್ಲಿನ ವಿದ್ಯೆ ಓದಿದವರು ನಿದ್ದೆಯಲ್ಲೂ ತಪ್ಪುವಂತಿಲ್ಲ.

ಡಾಕ್ಟರು ಬೈಯಲಿಲ್ಲ. "ಹೂಂ, ಮುಂದಕ್ಕೆ ಹೋಗೋಣ" ಎಂದರಷ್ಟೇ.

ಮಗಳು ಕಾಲೇಜಿಗೆ ಸೇರಿದ ಹೊಸತರಲ್ಲಿ ಇಂಥ ಉತ್ತರ ಕೊಟ್ಟಿದ್ದರೆ ಕೈಯಲ್ಲಿದ್ದ ಅಚ್ಚು ಗೋಡೆಗೆ ಬಡಿದು ಪುಡಿಯಾಗುತ್ತಿತ್ತು. ಅಪ್ಪನ ಬೈಗುಳಕ್ಕೆ ಬೀದಿಯ ನಾಯಿಯೂ ಎದ್ದು ಓಡುತ್ತಿತ್ತು. ಒಂದು ಸಲ ಬೈದುಬಿಡಲಿ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು.

ಕ್ಲಿನಿಕ್ಕಿನ ಹಿಂಬದಿಯ ಸಣ್ಣ ಕೋಣೆ ಅದು. ಲವಂಗದ ಎಣ್ಣೆಯ ವಾಸನೆ. ಗೋಡೆಯ ಮೇಲೆ ಡಾಕ್ಟರ ಪದವಿಪತ್ರ, ಅದರ ಪಕ್ಕ ಇನ್ನೊಂದು ಚೌಕಟ್ಟು, ಕೆಳಗೆ ಗೂಟಕ್ಕೆ ನೇತುಹಾಕಿದ ಬಿಳಿ ಕೋಟು. ಗಾಜಿನ ಆಚೆ ದೊಡ್ಡ ಕುರ್ಚಿಯಲ್ಲಿ ಶಾಲೆಯ ಸಮವಸ್ತ್ರದ ಹುಡುಗಿಯೊಬ್ಬಳು ಕಾಲು ಆಡಿಸುತ್ತ ಕುಳಿತಿದ್ದಳು. ಕ್ಲಿಪ್ ಹಾಕಿಸುವ ಮೊದಲು ಅವಳ ಹಲ್ಲು ಕೀಳಬೇಕಿತ್ತು. ತಟ್ಟೆಯಲ್ಲಿ ಇಕ್ಕಳ ಕಾದಿತ್ತು. ಅದು ಯಾರ ಕೈಗೆ ಹೋಗಬೇಕು ಎಂಬುದು ಈ ಕೋಣೆಯ ಪ್ರಶ್ನೋತ್ತರ ಮುಗಿದ ಮೇಲೆ ತೀರ್ಮಾನವಾಗಬೇಕು.

ಹೋದ ವಾರ ಅದೇ ಕುರ್ಚಿಯಲ್ಲಿ ಒಂದು ಅವಾಂತರ ಆಗಿತ್ತು. ಎಡಗಡೆಯ ಹಲ್ಲಿಗೆ ಬಲಗಡೆ ಸೂಜಿ ಚುಚ್ಚಿಹೋಗಿತ್ತು. ಬಾಯ್ತುಂಬ ಹತ್ತಿ ತುರುಕಿಸಿಕೊಂಡಿದ್ದ ರೋಗಿ ಹೇಗೋ ಗುರ್ ಗುರ್ ಎಂದು ಕೈಬೀಸಿದ್ದರಿಂದ ಒಳ್ಳೆಯ ಹಲ್ಲೊಂದು ಉಳಿಯಿತು. ಹೊರಗೆ ಚೀಟಿ ಕೊಡುವ ಡಾಕ್ಟರ ಹೆಂಡತಿಗೆ ಅವತ್ತಿನಿಂದ ಊಟ ರುಚಿಸುತ್ತಿಲ್ಲ. ಈ ಪ್ರಶ್ನೋತ್ತರದ ಏರ್ಪಾಡು ಅವಳದೇ.

"ಇದು?" ಡಾಕ್ಟರು ಒಂದು ಅಚ್ಚನ್ನು ಮುಂದೆ ತಳ್ಳಿದರು. ಅದರ ಕೆಳದವಡೆ ಹಿಂದಕ್ಕೆ ಸರಿದಿರುವುದು ಕುರುಡರಿಗೂ ಕಾಣುವಂತಿತ್ತು.

"ಕೆಳದವಡೆ ಮುಂದೆ ಬಂದಿದೆ, ಅಪ್ಪ."

ಡಾಕ್ಟರು ಅಚ್ಚನ್ನು ತಿರುಗಿಸಿ ನೋಡಿದರು. ಬೆರಳಿನಿಂದ ಸವರಿದರು. "ಹೂಂ" ಎಂದರು.

ಬಾಗಿಲು ಸರಿಸಿಕೊಂಡು ತಾಯಿ ಬಂದಳು. "ಹೇಗೆ ನಡೀತಿದೆ?"

"ಪರವಾಗಿಲ್ಲ. ಸ್ವಲ್ಪ ಹೆದರ್ತಾಳೆ, ಅಷ್ಟೇ" ಎಂದರು ಡಾಕ್ಟರು. "ನಾಳೆ ಪರೀಕ್ಷೆಗೆ ಹೊರಡೋವಾಗ ಹಾಲ್ ಟಿಕೆಟ್ ನೆನಪು ಮಾಡಿ ಕೊಡು. ಇವಳಿಗೆ ಮರೆವು ಜಾಸ್ತಿ."

ತಾಯಿ ಗಂಡನ ಮುಖ ನೋಡಲಿಲ್ಲ. ಮಗಳ ಹತ್ತಿರ ಬಗ್ಗಿ ತಗ್ಗಿದ ದನಿಯಲ್ಲಿ, "ಸಾಕು ಬಿಡೇ. ನಂಗೆ ನೋಡೋಕಾಗಲ್ಲ. ಆ ಮಗೂನ ವಾಪಸ್ ಕಳಿಸ್ಲಾ?" ಎಂದಳು.

"ಇನ್ನೊಂದೇ ಪ್ರಶ್ನೆ ಅಮ್ಮ. ಇದೂ ತಪ್ಪಿದ್ರೆ ನಾನೇ ಹೇಳ್ತೀನಿ."

ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಾಗಿಲ ಬಳಿ ನಿಂತಳು. ಮಗಳು ಕೊನೆಯ ಅಚ್ಚನ್ನು ತಾನೇ ಎತ್ತಿ ಅಪ್ಪನ ಮುಂದಿಟ್ಟಳು. ಅದು ಆಚೆ ಕುಳಿತಿದ್ದ ಹುಡುಗಿಯ ಬಾಯಿಯದು. ಹಲ್ಲಿನ ಮೇಲೆ ಹಲ್ಲು. ಜಾಗ ಸಾಲದೆ ಎರಡೂ ಕಡೆಯ ಕೋರೆಹಲ್ಲು ಮೇಲೆ ಎದ್ದು ನಿಂತಿದ್ದವು. ಆ ಎದ್ದಿರೋದನ್ನ ಕಿತ್ತುಬಿಡಿ ಡಾಕ್ಟ್ರೇ ಎಂದು ಇಂಥ ಮಕ್ಕಳ ತಾಯಂದಿರೆಲ್ಲ ಹೇಳುತ್ತಾರೆ. ಡಾಕ್ಟರಾದವರು ಅದರ ಹಿಂದಿನ ಹಲ್ಲನ್ನು ತೆಗೆದು, ಆ ಜಾಗಕ್ಕೆ ಕೋರೆಹಲ್ಲನ್ನು ಮೆಲ್ಲಗೆ ಎಳೆದು ಕೂರಿಸುತ್ತಾರೆ. ಕೋರೆಹಲ್ಲು ಕಿತ್ತವನು ಮುಖವನ್ನೇ ಕಿತ್ತ ಹಾಗೆ ಎಂದು ಮಗಳಿಗೆ ಅಪ್ಪನೇ ಗಿಣಿಗೆ ಹೇಳಿದಂತೆ ಹೇಳಿಕೊಟ್ಟಿದ್ದರು.

"ಕ್ಲಿಪ್ ಹಾಕೋಕೆ ಜಾಗ ಬೇಕು" ಎಂದರು ಡಾಕ್ಟರು. "ಯಾವ ಹಲ್ಲು ಕೀಳ್ತೀಯ?"

ಗಾಜಿನ ಆಚೆ ಹುಡುಗಿ ಕಾಲು ಆಡಿಸುವುದನ್ನು ನಿಲ್ಲಿಸಿದ್ದಳು. ಮಗಳು ಸುಳ್ಳು ಹೇಳುವವಳಂತೆ ಕಣ್ಣು ತಪ್ಪಿಸಿ ಬಾಯಿ ತೆರೆದಳು.

"ಕೋರೆಹಲ್ಲು."

ಡಾಕ್ಟರು ಎದ್ದು ಬಂದು ಅವಳ ತಲೆಯ ಮೇಲೆ ಕೈಯಿಟ್ಟರು.

"ಭೇಷ್, ಪುಟ್ಟಿ. ನೀನು ಪಾಸಾದ ಹಾಗೇ ಅಂದ್ಕೋ."

ಅವರು ನಗುತ್ತ ಕೈ ತೊಳೆಯಲು ಹೋದರು. ನಲ್ಲಿಯ ನೀರಿನ ಸದ್ದು ಕೇಳಿಸಿತು. ತಾಯಿ ಮಗಳ ಮುಖ ನೋಡಿದಳು.

"ಅಪ್ಪ ಫೇಲ್, ಅಮ್ಮ" ಎಂದಳು ಮಗಳು. ಅವಳಿಗೆ ಅಳು ಉಕ್ಕಿ ಬಂತು.

ಎಂಟು ವರ್ಷದ ಹಿಂದೆ ಅಪ್ಪ ತಾವೇ ಮೊಳೆ ಹೊಡೆದು ನೇತುಹಾಕಿದ್ದ ಅವಳ ಹಲ್ಲಿನ ಡಾಕ್ಟರ್ ಪದವಿಯ ಚೌಕಟ್ಟು ಗೋಡೆಯ ಮೇಲೆ ಹಾಗೇ ಇತ್ತು; ಅದರ ಕೆಳಗಿನ ಗೂಟದಿಂದ ಅವಳು ಅಪ್ಪನ ಬಿಳಿ ಕೋಟನ್ನು ತೆಗೆದು, ಮಡಚಿ, ಅಮ್ಮನ ಕೈಗೆ ಕೊಟ್ಟಳು.