ಅಂಗಡಿ ನೋಡುವ ಚಟ

“ನಡೆದರೆ ಏದುಸಿರು ಬರುತ್ತಾ, ಅಮ್ಮಾ?” ಡಾಕ್ಟರಮ್ಮ ಕೇಳಿದ್ದು ಹೆಂಡತಿಯನ್ನು. ಬಾಯಿ ಹಾಕಿದವನು ಗಂಡ.

“ಏದುಸಿರಾ? ಇವಳಿಗಾ? ಒಂದ್ಸಲ ಪೇಟೆಗೆ ಕರಕೊಂಡು ಹೋಗಿ ನೋಡಿ ಡಾಕ್ಟ್ರೇ! ಒಂದಂಗಡಿ ಬಿಡಲ್ಲ. ಪ್ರತಿ ಗಾಜಿನ ಮುಂದೆ ನಿಂತು ತಪಾಸಣೆ ಆದ ಮೇಲೇನೇ ಮುಂದಿನ ಹೆಜ್ಜೆ. ನಾನು ಇವಳನ್ನ ಇನ್‌ಸ್ಪೆಕ್ಟರ್ ಅಂತಾನೇ ಕರೆಯೋದು.”

ಅವನು ಟೈಲರ್. ಊರ ಗಂಡಸರ ಎದೆ ಅಳೆದೂ ಅಳೆದೂ ತಲೆ ನರೆತವನು. ಹೆಂಡತಿ ರೆಡಿಮೇಡ್ ಅಂಗಡಿಗಳ ಮುಂದೆಯೂ ನಿಲ್ಲುವುದು ಅವನಿಗೆ ಹೊಟ್ಟೆಯುರಿ. “ನನ್ನ ಅನ್ನಕ್ಕೆ ಕಲ್ಲು ಹಾಕೋರ ಅಂಗಡೀನೇ ಬೇಕಾ ನಿಂಗೆ?” ಎಂದು ಸಿಡುಕಿ, ಅವಳನ್ನು ಅಲ್ಲೇ ಬಿಟ್ಟು ಮುಂದೆ ಹೋದದ್ದೂ ಉಂಟು.

ಡಾಕ್ಟರಮ್ಮ ನಗಲಿಲ್ಲ. ಸ್ಕ್ಯಾನ್ ಚಿತ್ರದಿಂದ ಕಣ್ಣೆತ್ತಿ, “ನೀವು ಹೇಳಿ ಅಮ್ಮಾ, ಯಾಕೆ ನಿಲ್ತೀರಿ?” ಎಂದರು.

ಅವಳು ಕೈಚೀಲದ ಹಿಡಿ ತಿರುವುತ್ತ ಕೂತಿದ್ದಳು. “ಉಸಿರು ಸಿಗಲಿ ಅಂತ. ನಡುಬೀದೀಲಿ ಸುಮ್ಮನೆ ನಿಂತ್ರೆ ಜನ ನೋಡ್ತಾರೆ. ಅಂಗಡಿ ಮುಂದೆ ನಿಂತ್ರೆ ಯಾರೂ ಏನೂ ಕೇಳಲ್ಲ.”

“ನನಗ್ಯಾಕೆ ಹೇಳಲಿಲ್ಲ?” ಗಂಡನ ದನಿ ಉಡುಗಿತ್ತು.

“ನೀವು ತಮಾಷೆ ಮಾಡ್ತಿದ್ರಿ. ತಮಾಷೆಯಾಗೇ ಇರ್ಲಿ ಅನ್ನಿಸ್ತು.”

ಡಾಕ್ಟರಮ್ಮ ಬಿಡಿಸಿ ಹೇಳಿದರು. ಹೃದಯದ ಒಂದು ಕವಾಟ ಕಿರಿದಾಗಿ ರಕ್ತವೇ ಸರಿಯಾಗಿ ಮುಂದೆ ಹೋಗುತ್ತಿಲ್ಲ. ಹಾಗಾಗಿ ಅದರಾಚೆಯ ಇನ್ನೊಂದು ಕವಾಟದ ರೋಗ ಮೊದಲ ಪರೀಕ್ಷೆಯಲ್ಲಿ ಅಷ್ಟೇನೂ ದೊಡ್ಡದಾಗಿ ಕಾಣಲಿಲ್ಲ. ಅದೂ ತೀರಾ ಕೆಟ್ಟಿರುವುದು ಈ ಸ್ಕ್ಯಾನಿನಲ್ಲಿ ಗೊತ್ತಾಗಿದೆ. ಈಗ ಎದೆ ತೆರೆದು ಎರಡನ್ನೂ ಒಟ್ಟಿಗೆ ಬದಲಾಯಿಸಬೇಕು. ಜೀವಕ್ಕೆ ಅಪಾಯ ಇಲ್ಲವೆನ್ನುವಂತಿಲ್ಲ.

“ಮೊದಲೇ ಬಂದಿದ್ರೆ?” ಕೇಳಬಾರದಿತ್ತು, ಕೇಳಿಬಿಟ್ಟ.

“ಒಂದನ್ನ ಎದೆ ತೆರೆಯದೇನೇ, ಬಲೂನ್ ಹಾಕಿ ಅಗಲ ಮಾಡಬಹುದಿತ್ತೇನೋ. ಇನ್ನೊಂದು ಆಗ ಇಷ್ಟು ಕೆಟ್ಟಿರ್ತಿರಲಿಲ್ಲ.”

ಇವಳು ಉಸಿರಿಗಾಗಿ ನಿಂತಾಗಲೆಲ್ಲ ತಾನು ನಕ್ಕೆನಲ್ಲ ಎಂದು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಹೊರಗೆ ಬಂದಾಗ ಮಧ್ಯಾಹ್ನ. ಅಂಗಡಿಯವರೆಲ್ಲ ಊಟಕ್ಕೆ ಹೋಗಿದ್ದರು. ಟ್ಯಾಕ್ಸಿ ಸಿಗುವ ಮೂಲೆ ಹತ್ತಿರವೇ ಇತ್ತು. ಅಷ್ಟು ದೂರ ನಡೆಯುವುದರೊಳಗೇ ಅವಳು ಒಂದು ಅಂಗಡಿಯ ಮುಂದೆ ನಿಂತಳು. ಅಭ್ಯಾಸಬಲದಿಂದ ಮುಂದೆ ಹೋಗಿಬಿಟ್ಟಿದ್ದವನು ತಿರುಗಿ ಬಂದು, ಅವಳ ಪಕ್ಕದಲ್ಲೇ ಅಂಗಡಿಯ ಕಡೆ ಮುಖ ಮಾಡಿ ನಿಂತ.

“ಅವಸರ ಏನಿಲ್ಲ,” ಎಂದ. “ನೋಡು, ನಿಧಾನಕ್ಕೆ ನೋಡು.”

ಅಲ್ಲಿ ನೋಡುವುದಕ್ಕಿದ್ದದ್ದು ಎಳೆದ ಶಟರು, ಅದಕ್ಕೊಂದು ಬೀಗ.