ಬಸರಿಗುಡ್ಡದ ಮಿಡತೆ

ಹೊಸ ಜೀವಿಯೊಂದು ಸಿಕ್ಕರೆ ಅದು ಬಾಳುವ ನೆಲವೆಲ್ಲ ಅದಕ್ಕೇ ಸೇರಬೇಕು, ಮನುಷ್ಯರು ಜಾಗ ಬಿಡಬೇಕು ಎಂಬ ಕಾನೂನು ಬಂದು ಒಂದು ತಲೆಮಾರೇ ಕಳೆದಿತ್ತು. ಬಸರಿಗುಡ್ಡದ ಜನ ಹಿಂದೆ ಕಪ್ಪೆಯೊಂದಕ್ಕಾಗಿ ಊರು ಬಿಟ್ಟು ಇಲ್ಲಿಗೆ ಬಂದವರು. ಈಗ ಮಿಡತೆಗಾಗಿ ಮತ್ತೆ ಲಾರಿಗೆ ಸಾಮಾನು ಏರಿಸುತ್ತಿದ್ದರು.

ಆ ಮಿಡತೆಯನ್ನು ಕಂಡುಹಿಡಿದ ಶಶಿಪ್ರಭಾ ಬೇವಿನ ಮರದಡಿ ತಲೆ ತಗ್ಗಿಸಿ ನಿಂತಿದ್ದಳು. ಅದರ ರೆಕ್ಕೆಯಡಿಯ ನೇರಳೆ ಪಟ್ಟೆ ಬೇರಾವ ಜಾತಿಯಲ್ಲೂ ಇಲ್ಲವೆಂದು ಖಾತ್ರಿಯಾದ ದಿನ ಅವಳು ಕುಣಿದಾಡಿದ್ದಳು. ಈ ಊರು ತೆರವಾಗಬೇಕಾಗುತ್ತದೆಂಬ ನೆನಪೇ ಆಗ ಬಂದಿರಲಿಲ್ಲ.

ತಿಂಗಳುಗಟ್ಟಲೆ ಅವಳಿಗೆ ರೊಟ್ಟಿ ಬಡಿದು ಹಾಕಿದ್ದ ನಿಂಬೆವ್ವ, ಒಲೆಯ ಕಲ್ಲುಗಳನ್ನು ಗೋಣಿಚೀಲಕ್ಕೆ ತುಂಬಿಕೊಂಡು ಬಂದಳು. ಬೈಯುತ್ತಾಳೆಂದು ಶಶಿಪ್ರಭಾ ಕಾದಳು. ಬೈದಿದ್ದರೆ ಹಗುರಾಗುತ್ತಿತ್ತು.

“ಮಾರಿ ಸಣ್ಣ ಮಾಡಬ್ಯಾಡ್ರಿ ಅಕ್ಕಾರ. ಅದಕ್ಕೂ ಒಂದು ಮನಿ ಬೇಕಲ್ರಿ,” ಎಂದಳು ನಿಂಬೆವ್ವ. “ಆದ್ರ ಒಂದು ಮಾತು ನಡೆಸಿಕೊಡ್ರಿ. ಅದಕ್ಕ ನಮ್ಮೂರಿನ ಹೆಸರು ಇಡ್ರಿ. ಇಲ್ಲಂದ್ರ ಈ ಊರು ಇತ್ತು ಅಂತ ನಾಳೆ ಯಾರಿಗೂ ಗೊತ್ತಿರೂದಿಲ್ಲ.”

ಹೆಸರು ಆಗಲೇ ನೋಂದಣಿಯಾಗಿತ್ತು, ಇನ್ನು ಬದಲಿಸುವಂತಿರಲಿಲ್ಲ. ಸಂಭ್ರಮದಲ್ಲಿ ಶಶಿಪ್ರಭಾ ತನ್ನ ಮಗಳ ಹೆಸರನ್ನು ಇಟ್ಟುಬಿಟ್ಟಿದ್ದಳು.

“ನಿಮ್ಮೂರಿನ ಹೆಸರೇ ಇಟ್ಟಿದ್ದೀನಿ, ಅವ್ವಾ,” ಎಂದಳು.

ನಿಂಬೆವ್ವ ಲಾರಿಯತ್ತ ತಿರುಗಿ ಆ ಸುದ್ದಿಯನ್ನು ಎಲ್ಲರಿಗೂ ಕೇಳುವಂತೆ ಕೂಗಿ ಹೇಳಿದಳು. ಗಂಟುಮೂಟೆಗಳ ನಡುವೆ ಕೂತಿದ್ದವರೆಲ್ಲ ಎದ್ದು ನಿಂತು ಶಶಿಪ್ರಭಾಳಿಗೆ ಕೈಮುಗಿದರು.